ಆ ಟ್ಯೂನ್ ಯಾರದು?

ಸಿನಿಮಾ ಮುಗಿದು ತೆರೆಯ ಮೇಲೆ ಹೆಸರುಗಳು ಓಡತೊಡಗಿದವೆಂದರೆ ನಮ್ಮ ಹಳೆಯ ಟಾಕೀಸುಗಳಲ್ಲಿ ಬಾಗಿಲುಗಳು ಧಡಾರನೆ ತೆರೆದುಕೊಳ್ಳುತ್ತಿದ್ದವು. ಒಬ್ಬರಿಗೆ ಸೈಕಲ್ ಸ್ಟ್ಯಾಂಡಿನ ಚಿಂತೆ, ಇನ್ನೊಬ್ಬರಿಗೆ ಕಡೇ ಬಸ್ಸಿನ ಚಿಂತೆ. ಮಲ್ಟಿಪ್ಲೆಕ್ಸುಗಳು ಬಂದ ಮೇಲೆ ಸೈಕಲ್ ಹೋಗಿ ಕಾರು ಬಂತೇ ಹೊರತು ಚಿಂತೆ ಬದಲಾಗಲಿಲ್ಲ. ಸಂಗೀತ ಯಾರದು, ವಾದ್ಯ ನುಡಿಸಿದವರಾರು, ಧ್ವನಿ ಮುದ್ರಿಸಿದವರಾರು ಎಂದು ಕುಳಿತು ಓದುವ ಪುರುಸೊತ್ತು ಯಾರಿಗಿದೆ?

ಒಂದು ಸಣ್ಣ ಪಂಗಡಕ್ಕೆ ಮಾತ್ರ ಇದೆ. ವೈಜ್ಞಾನಿಕ ಕಥಾಚಿತ್ರಗಳ ಸಂಗೀತದ ಹುಚ್ಚು ಹತ್ತಿಸಿಕೊಂಡವರ ಪಂಗಡ. ಇವರು ಕೊನೆಯ ಹೆಸರು ಮಾಯವಾಗುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ. ಗುಡಿಸುವವರು ಪೊರಕೆ ಹಿಡಿದು ಬಂದು ನಿಂತರೂ ಏಳುವುದಿಲ್ಲ. ಈ ಅಂಕಣಕಾರನೂ ಆ ಪಂಗಡದವನೇ ಎಂದು ಬೇರೆ ಹೇಳಬೇಕಾಗಿಲ್ಲ.

ಅಂಥದ್ದೇನಿದೆ ಆ ಸಂಗೀತದಲ್ಲಿ? ಸ್ವಲ್ಪ ಯೋಚಿಸಿ ನೋಡಿ. ಪ್ರೇಮದ ದೃಶ್ಯವೆಂದರೆ ಪಿಟೀಲಿದೆ, ಕೊಳಲಿದೆ. ಊರ ಜಾತ್ರೆಯೆಂದರೆ ಡೊಳ್ಳಿದೆ. ಮದುವೆಗೆ ನಾಗಸ್ವರ ಊದಿಸಿದರೆ ಸಾಕು, ಚಪ್ಪರ ತೋರಿಸದಿದ್ದರೂ ನಡೆಯುತ್ತದೆ. ಆದರೆ ಯಾರೂ ಕಾಲಿಡದ ಗ್ರಹವೊಂದರಲ್ಲಿ ಸೂರ್ಯೋದಯವಾಗುತ್ತಿದೆ ಎನ್ನಿ. ಅದಕ್ಕೆ ಯಾವ ವಾದ್ಯ? ಯಾವ ರಾಗ? ಕೇಳಿದವರಿಲ್ಲ, ಹೇಳುವವರಿಲ್ಲ. ಸಂಗೀತಗಾರ ಆ ಲೋಕದ ಗಾಳಿಯನ್ನೂ ನೀರನ್ನೂ ತಾನೇ ಹುಟ್ಟಿಸಬೇಕು. ಅರುವತ್ತು ವರ್ಷದ ಹಿಂದಿನ ಚಿತ್ರಗಳಲ್ಲಿ ರಾಕೆಟ್ಟು ಈಗ ರಟ್ಟಿನ ಡಬ್ಬಿಯಂತೆ ಕಾಣುತ್ತದೆ, ರಾಕ್ಷಸನ ಬೆನ್ನಿನ ಜಿಪ್ಪು ಕಣ್ಣಿಗೆ ಹೊಡೆಯುತ್ತದೆ. ಆದರೆ ಕಣ್ಣು ಮುಚ್ಚಿಕೊಳ್ಳಿ. ಸಂಗೀತ ಈಗಲೂ ಮೈ ಜುಮ್ಮೆನಿಸುತ್ತದೆ.

1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರವನ್ನು ತೆಗೆದುಕೊಳ್ಳಿ. ವಾಷಿಂಗ್ಟನ್ನಿನಲ್ಲಿ ಹಾರುವ ತಟ್ಟೆಯೊಂದು ಇಳಿಯುತ್ತದೆ. ಸಂಗೀತ ಬರ್ನಾರ್ಡ್ ಹರ್ಮನ್‌ ಅವರದು. ಅವರು ತೆರೆಮಿನ್ ಎಂಬ ವಾದ್ಯವನ್ನು, ಒಂದಲ್ಲ, ಎರಡನ್ನು ಬಳಸಿದರು. 1920ರ ಸುಮಾರಿಗೆ ರಷ್ಯಾದ ಲೆವ್ ತೆರೆಮಿನ್ ಕಂಡುಹಿಡಿದ ಈ ವಾದ್ಯವನ್ನು ಮುಟ್ಟಿ ನುಡಿಸುವುದಲ್ಲ. ಎರಡು ಲೋಹದ ಕಡ್ಡಿಗಳ ಸಮೀಪ ಗಾಳಿಯಲ್ಲಿ ಕೈಯಾಡಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಮೆಟ್ಟಿಲುಗಳಿಲ್ಲ, ಬರೀ ಜಾರುವಿಕೆ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಅಪರಿಚಿತವೇನಲ್ಲ. ಆದರೆ ಮೀಟುವ ಬೆರಳೂ ಇಲ್ಲ, ಊದುವ ಉಸಿರೂ ಇಲ್ಲ ಎಂಬುದೇ ಭಯ ಹುಟ್ಟಿಸುತ್ತದೆ.

ಇದಾದ ಐದು ವರ್ಷಕ್ಕೆ, 1956ರಲ್ಲಿ, ‘ಫರ್ಬಿಡನ್ ಪ್ಲಾನೆಟ್’ ಬಂತು. ಇದರಲ್ಲಿ ವಾದ್ಯವೆಂಬುದೇ ಇಲ್ಲ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿದ್ದ ಲೂಯಿ ಬ್ಯಾರನ್ ಮತ್ತು ಬೀಬಿ ಬ್ಯಾರನ್ ಎಂಬ ದಂಪತಿ ತಾವೇ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳನ್ನು ಕಟ್ಟುತ್ತಿದ್ದರು. ಅವುಗಳಿಗೆ ವಿದ್ಯುತ್ತು ಹರಿಸಿ, ಅವು ಕಿರುಚಿ, ನರಳಿ, ಕೊನೆಗೆ ಸುಟ್ಟು ಹೋಗುವ ತನಕ ಹೊರಟ ಶಬ್ದವನ್ನೆಲ್ಲ ಟೇಪಿಗೆ ಇಳಿಸುತ್ತಿದ್ದರು. ಸುಟ್ಟ ಸರ್ಕ್ಯೂಟು ಮತ್ತೆ ಅದೇ ಸ್ವರ ಹಾಡುವುದಿಲ್ಲ. ಹಾಗಾಗಿ ಪ್ರತಿಯೊಂದು ಧ್ವನಿಯೂ ಒಂದು ಜೀವವಿದ್ದಂತೆ. ಹುಟ್ಟು, ಕೂಗು, ಸಾವು, ಅಷ್ಟೇ. ಆ ತುಣುಕುಗಳನ್ನು ಕತ್ತರಿಸಿ ಜೋಡಿಸಿ, ಪೂರ್ತಿ ಎಲೆಕ್ಟ್ರಾನಿಕ್ ಸಂಗೀತವಿರುವ ಮೊದಲ ದೊಡ್ಡ ಚಿತ್ರವನ್ನು ಅವರು ಕಟ್ಟಿಕೊಟ್ಟರು.

ಕಷ್ಟ ಶುರುವಾದದ್ದು ಹೆಸರು ಹಾಕುವಾಗ. ಅಮೆರಿಕದ ವಾದ್ಯಗಾರರ ಸಂಘಕ್ಕೆ ಇವರು ಸದಸ್ಯರಲ್ಲ. ಯಂತ್ರ ಮಾಡುವ ಸದ್ದನ್ನು ಸಂಗೀತ ಎಂದು ಕರೆಯುವುದುಂಟೇ ಎಂಬ ತಕರಾರಿನ ಭಯ ಬೇರೆ. ಕೊನೆಗೆ ‘ಸಂಗೀತ’ ಎಂಬ ಪದವನ್ನೇ ಬಿಟ್ಟು ‘ಎಲೆಕ್ಟ್ರಾನಿಕ್ ಟೋನಾಲಿಟೀಸ್’ ಎಂದು ತೆರೆಯ ಮೇಲೆ ಹಾಕಿದರು. ಸಂಗೀತವೇ ಅಲ್ಲದ ಮೇಲೆ ಸಂಗೀತದ ಆಸ್ಕರ್ ಪ್ರಶಸ್ತಿಯ ಮಾತೆಲ್ಲಿ? ಅದರ ಧ್ವನಿಮುದ್ರಿಕೆ ಅಭಿಮಾನಿಗಳ ಕೈಗೆ ಸಿಕ್ಕಿದ್ದು ಇಪ್ಪತ್ತು ವರ್ಷದ ನಂತರ, 1976ರಲ್ಲಿ.

ಈಗ ನಮ್ಮ ಪಂಗಡದ ಕುಲದೇವತೆಯ ವಿಷಯಕ್ಕೆ ಬರೋಣ.

1963ರ ನವೆಂಬರ್ 23. ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮರುದಿನ. ಲಂಡನ್ನಿನ ಬಿಬಿಸಿ ಟಿವಿಯಲ್ಲಿ ಅಂದು ಸಂಜೆ ‘ಡಾಕ್ಟರ್ ಹೂ’ ಎಂಬ ಧಾರಾವಾಹಿ ಶುರುವಾಯಿತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಬ್ಬ ಮುದುಕನ ಕಥೆ. ಅದರ ಶೀರ್ಷಿಕೆ ಸಂಗೀತ ಕೇಳಿದ ಮಕ್ಕಳು ಸೋಫಾದ ಹಿಂದೆ ಅವಿತುಕೊಳ್ಳುತ್ತಿದ್ದರು ಎಂಬುದು ಬ್ರಿಟನ್ನಿನಲ್ಲಿ ಗಾದೆಯಷ್ಟೇ ಹಳೆಯ ಮಾತು.

ಅದರ ಸ್ವರ ಬರೆದವರು ರಾನ್ ಗ್ರೇನರ್. ಬರೆದದ್ದು ಒಂದೇ ಹಾಳೆ. ಅದರಲ್ಲಿ ಸ್ವರಗಳ ಜೊತೆಗೆ ‘ಗಾಳಿಗುಳ್ಳೆ’, ‘ಮೋಡ’ ಎಂದೆಲ್ಲ ಸೂಚನೆಗಳು. ಗಾಳಿಗುಳ್ಳೆಯ ಶಬ್ದ ಯಾವುದು, ಮೋಡದ ಶಬ್ದ ಯಾವುದು? ಆ ತಲೆನೋವು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್ ಎಂಬ ಇಪ್ಪತ್ತಾರರ ತರುಣಿಯ ಪಾಲಿಗೆ ಬಂತು.

ಸಿಂಥಸೈಜರ್ ಅಂಗಡಿಗೆ ಬಂದಿರದ ಕಾಲ ಅದು. ಡೀಲಿಯಾ ಮತ್ತು ಆಕೆಯ ಸಹಾಯಕ ಡಿಕ್ ಮಿಲ್ಸ್ ಬಳಿ ಇದ್ದದ್ದು ಉಪಕರಣಗಳನ್ನು ಪರೀಕ್ಷಿಸಲು ಬಳಸುವ ಆಸಿಲೇಟರುಗಳು, ಟೇಪ್ ರೆಕಾರ್ಡರುಗಳು, ಒಂದು ಬ್ಲೇಡು. ಒಂದು ತಂತಿಯನ್ನು ಒಮ್ಮೆ ಮೀಟಿ ಧ್ವನಿ ಮುದ್ರಿಸಿಕೊಂಡರು. ಅದೇ ಟೇಪನ್ನು ವೇಗವಾಗಿ ಓಡಿಸಿದರೆ ಮೇಲಿನ ಸ್ವರ, ನಿಧಾನಕ್ಕೆ ಓಡಿಸಿದರೆ ಕೆಳಗಿನ ಸ್ವರ. ಹೀಗೆ ಒಂದೊಂದು ಸ್ವರವನ್ನೂ ಬೇರೆ ಬೇರೆ ತಯಾರಿಸಿ, ಎಷ್ಟು ಹೊತ್ತು ನುಡಿಯಬೇಕೋ ಅಷ್ಟುದ್ದಕ್ಕೆ ಟೇಪನ್ನು ಅಳೆದು, ಕತ್ತರಿಸಿ, ಅಂಟಿಸಿದರು. ಹೂವಾಡಗಿತ್ತಿ ಒಂದೊಂದೇ ಮೊಗ್ಗು ಪೋಣಿಸಿದ ಹಾಗೆ. ಆ ಧಡಧಡ ಓಡುವ ಕೆಳಸ್ವರಗಳ ಸಾಲು, ಅದರ ಮೇಲೆ ಗೂಬೆಯ ಕೂಗಿನಂತೆ ತೇಲುವ ರಾಗ, ನಡುವೆ ಬುಸುಗುಡುವ ಸದ್ದು, ಎಲ್ಲವೂ ಹಾಗೆ ಪೋಣಿಸಿದ ಮಾಲೆಗಳೇ.

ಹಲವು ಟ್ರ್ಯಾಕುಗಳನ್ನು ಒಟ್ಟಿಗೆ ಮುದ್ರಿಸುವ ಯಂತ್ರ ಆಗ ಅವರಲ್ಲಿರಲಿಲ್ಲ. ಬೇರೆ ಬೇರೆ ಟೇಪುಗಳನ್ನು ಬೇರೆ ಬೇರೆ ಯಂತ್ರಗಳಿಗೆ ಏರಿಸಿ, ಒಂದೇ ಕ್ಷಣಕ್ಕೆ ಗುಂಡಿ ಒತ್ತಬೇಕು. ಎಲ್ಲೋ ಒಂದು ಸ್ವರ ತಪ್ಪಿತ್ತು. ಎಲ್ಲಿ ಎಂದು ಹುಡುಕಲು ಟೇಪುಗಳನ್ನು ಕಟ್ಟಡದ ಉದ್ದನೆಯ ಓಣಿಯಲ್ಲಿ ಪಕ್ಕಪಕ್ಕ ಹಾಸಿ, ಅಂಟಿಸಿದ ಜಾಗಗಳನ್ನು ಹೋಲಿಸುತ್ತಾ ನಡೆದರಂತೆ. ಸಂಗೀತದ ತಪ್ಪನ್ನು ಕಾಲ್ನಡಿಗೆಯಲ್ಲಿ ಹುಡುಕಿದವರು ಚರಿತ್ರೆಯಲ್ಲಿ ಇನ್ನೆಷ್ಟು ಮಂದಿ ಇದ್ದಾರೋ!

ಮುಗಿದ ಕೃತಿಯನ್ನು ಕೇಳಿ ಗ್ರೇನರ್ ದಂಗಾದರು. ಇದನ್ನು ನಾನು ಬರೆದೆನೇ ಎಂದು ಕೇಳಿದರಂತೆ. ಬಹುಪಾಲು ನೀವೇ ಎಂದಳಂತೆ ಡೀಲಿಯಾ. ಗ್ರೇನರ್ ದೊಡ್ಡ ಮನಸ್ಸಿನವರು. ಸಹಸಂಯೋಜಕಿಯಾಗಿ ಆಕೆಯ ಹೆಸರನ್ನೂ ಹಾಕಿ, ಗೌರವಧನದಲ್ಲಿ ಪಾಲು ಕೊಡಿ ಎಂದು ಕೇಳಿಕೊಂಡರು. ಸಂಸ್ಥೆ ಒಪ್ಪಲಿಲ್ಲ. ವರ್ಕ್‌ಶಾಪಿನವರು ಸಂಬಳದ ನೌಕರರು, ಅವರ ಹೆಸರು ಹಾಕುವ ಪದ್ಧತಿಯಿಲ್ಲ ಎಂಬುದು ನಿಯಮ. ತೆರೆಯ ಮೇಲೆ ವಿಭಾಗದ ಹೆಸರು ಮಾತ್ರ ಬಂತು.

ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಎರಡನ್ನೂ ಓದಿದವಳು ಆಕೆ. 1959ರಲ್ಲಿ ಡೆಕ್ಕಾ ಕಂಪೆನಿಗೆ ಕೆಲಸ ಕೇಳಿಕೊಂಡು ಹೋದಾಗ ಸ್ಟುಡಿಯೊದಲ್ಲಿ ನಾವು ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಕಳಿಸಿದ್ದರು. ಹುಟ್ಟಿದ್ದು ಕವೆಂಟ್ರಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬುಗಳು ಆ ಊರನ್ನು ಸುಟ್ಟಾಗ ಆಕೆ ಮೂರು ವರ್ಷದ ಕೂಸು. ವಿಮಾನ ದಾಳಿಯ ಸೈರನ್ನೇ ತಾನು ಕೇಳಿದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂಬರ್ಥದ ಮಾತನ್ನು ಮುಂದೆ ಆಕೆ ಆಡಿದ್ದುಂಟು. ಡಾಕ್ಟರ್ ಹೂ ಟ್ಯೂನಿನಲ್ಲಿ ಏರಿ ಇಳಿಯುವ ಆ ಕೂಗನ್ನು ಈ ಮಾತು ತಿಳಿದ ಮೇಲೆ ಕೇಳಿ ನೋಡಿ. ಬೇರೆ ಗ್ರಹದ್ದು ಎಂದುಕೊಂಡದ್ದು ಇದೇ ಭೂಮಿಯ ಮೇಲಿನ ಒಂದು ಮಗುವಿನ ಭಯ ಎಂದು ಅನ್ನಿಸದೇ ಇರದು.

1973ರಲ್ಲಿ ಆಕೆ ಬಿಬಿಸಿ ಬಿಟ್ಟಳು. 2001ರಲ್ಲಿ ತೀರಿಕೊಂಡಳು. ಆಮೇಲೆ ಆಕೆಯ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ಡಾಕ್ಟರ್ ಹೂ ತೆರೆಯ ಮೇಲೆ ಆಕೆಯ ಹೆಸರು ಮೊದಲು ಕಾಣಿಸಿದ್ದು 2013ರಲ್ಲಿ, ಧಾರಾವಾಹಿಯ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಓದಲು ಆಕೆ ಇರಲಿಲ್ಲ.

ಹೆಸರು ಹಾಕಿದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದೂ ಅಲ್ಲ. ‘ಸ್ಟಾರ್ ಟ್ರೆಕ್’ ನೆನಪಿದೆಯಲ್ಲ? 1966ರಲ್ಲಿ ಅಮೆರಿಕದಲ್ಲಿ ಶುರುವಾಗಿ, ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದ ಧಾರಾವಾಹಿ. ಅದರ ಟ್ಯೂನ್ ಅಲೆಕ್ಸಾಂಡರ್ ಕರೇಜ್ ಅವರದು. ನೌಕೆ ಸುಯ್ಯೆಂದು ಹಾದುಹೋಗುವ ಸದ್ದು ಅವರು ಬಾಯಲ್ಲೇ ಮಾಡಿದ್ದು! ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬರಿ ಆ ಟ್ಯೂನಿಗೆ ಸಾಹಿತ್ಯ ಬರೆದರು. ಅದನ್ನು ಧಾರಾವಾಹಿಯಲ್ಲಿ ಯಾರೂ ಹಾಡಲಿಲ್ಲ. ಹಾಡಲೆಂದು ಬರೆದದ್ದೂ ಅಲ್ಲ. ಸಾಹಿತ್ಯ ಬರೆದವನಿಗೆ ರಾಯಧನದಲ್ಲಿ ಅರ್ಧ ಪಾಲು ಎಂಬ ಕರಾರಿತ್ತು, ಅಷ್ಟೇ. ಕಾನೂನು ಪ್ರಕಾರ ಸರಿ. ನೆರೆಯವನ ಹಸುವಿಗೆ ಹೆಸರಿಟ್ಟು ಅರ್ಧ ಹಾಲು ಕೇಳಿದ ಹಾಗಾಯಿತು ಎಂದು ನಾವು ಹೇಳಬಹುದು.

ಇನ್ನು ಸ್ಟಾನ್ಲಿ ಕುಬ್ರಿಕ್ ಅವರ 1968ರ ‘2001: ಎ ಸ್ಪೇಸ್ ಒಡಿಸ್ಸಿ’. ಅಲೆಕ್ಸ್ ನಾರ್ತ್ ಎಂಬ ಹೆಸರಾಂತ ಸಂಗೀತ ನಿರ್ದೇಶಕರಿಂದ ಸಂಗೀತ ಬರೆಸಿ, ಧ್ವನಿ ಮುದ್ರಿಸಿ, ಕೊನೆಗೆ ಕುಬ್ರಿಕ್ ಅದನ್ನು ಪೂರ್ತಿ ಕೈಬಿಟ್ಟರು. ಸಂಕಲನದ ಹೊತ್ತಿನಲ್ಲಿ ತಾತ್ಕಾಲಿಕವಾಗಿ ಹಾಕಿಕೊಂಡಿದ್ದ ಹಳೆಯ ಧ್ವನಿಮುದ್ರಿಕೆಗಳೇ ಅವರಿಗೆ ಮೆಚ್ಚುಗೆಯಾಗಿದ್ದವು. ತನ್ನ ಒಂದು ಸ್ವರವೂ ಉಳಿದಿಲ್ಲವೆಂದು ನಾರ್ತ್‌ಗೆ ತಿಳಿದದ್ದು ಚಿತ್ರ ತೋರಿಸಿದಾಗ, ಕುರ್ಚಿಯಲ್ಲಿ ಕುಳಿತು. ಅಭಿಮಾನಿಯಾದವನಿಗೆ ಇಲ್ಲಿ ಧರ್ಮಸಂಕಟ. ವ್ಯೋಮನೌಕೆ ವಾಲ್ಟ್ಜ್ ತಾಳಕ್ಕೆ ತೇಲುವ ದೃಶ್ಯವನ್ನೂ, ಲಿಗೆಟಿಯ ಸ್ವರಗಳು ಜೇನುಹುಳುಗಳಂತೆ ಮುತ್ತಿಕೊಳ್ಳುವ ಕ್ಷಣವನ್ನೂ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಕುಬ್ರಿಕ್ ಆರಿಸಿದ್ದು ಸರಿ, ನಡೆದುಕೊಂಡದ್ದು ಸರಿಯಲ್ಲ ಎಂಬುದು ನನ್ನ ತೀರ್ಪು. ನಾರ್ತ್ 1991ರಲ್ಲಿ ತೀರಿಕೊಂಡ ಮೇಲೆ ಅವರ ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್, ಅವರೂ ಸಂಗೀತ ನಿರ್ದೇಶಕರೇ, 1993ರಲ್ಲಿ ಆ ಸಂಗೀತವನ್ನು ಹೊಸದಾಗಿ ನುಡಿಸಿ ಹೊರತಂದರು. ಗೆಳೆತನವೆಂದರೆ ಅದು.

‘ಸ್ಟಾರ್ ವಾರ್ಸ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಜಾನ್ ವಿಲಿಯಮ್ಸ್ ಹೆಸರು ಮಕ್ಕಳಿಗೂ ಗೊತ್ತು. ಆ ಚಿತ್ರ ಬಂದ 1977ರಲ್ಲೇ ವಾಯೇಜರ್ ನೌಕೆಗಳು ಚಿನ್ನದ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯನ್ನು ಹೊತ್ತು ಹೊರಟವು ಎಂಬುದನ್ನು ಮಾತ್ರ ನೆನಪಿಸಿ ಮುಂದೆ ಹೋಗುತ್ತೇನೆ. ಕಥೆಯದಲ್ಲದ, ನಿಜವಾದ ಅಂತರಿಕ್ಷ ಸಂಗೀತ ಅದು.

1982ರ ‘ಬ್ಲೇಡ್ ರನ್ನರ್’ ಕಥೆಯೇ ಬೇರೆ. ವ್ಯಾಂಜಲಿಸ್ ಅವರ ಸಿಂಥಸೈಜರ್ ಸಂಗೀತ ಮಳೆಯಲ್ಲಿ ನೆನೆದ ನಗರದಷ್ಟೇ ಮಂಕು, ಅಷ್ಟೇ ಸುಂದರ. ಆದರೆ ಚಿತ್ರದ ಜೊತೆ ಅಂಗಡಿಗೆ ಬಂದದ್ದು ಬೇರೊಂದು ವಾದ್ಯವೃಂದ ನುಡಿಸಿದ ನಕಲು. ಅಸಲು ಧ್ವನಿಮುದ್ರಿಕೆ ಬಂದದ್ದು 1994ರಲ್ಲಿ. ನಡುವಿನ ಹನ್ನೆರಡು ವರ್ಷ ಅಭಿಮಾನಿಗಳು ಕಳ್ಳ ಕ್ಯಾಸೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ಅದನ್ನು ಜೀವಂತವಾಗಿಟ್ಟರು. ಕಳ್ಳತನ ತಪ್ಪು, ಒಪ್ಪೋಣ. ಆದರೆ ಈ ಸಂಗೀತವನ್ನು ಕೇಳುವವರಿದ್ದಾರೆ ಎಂದು ಸಾರಿ ಹೇಳಿದವರು ಅವರೇ.

ಇದು ಪರದೇಶದ ಕಥೆ ಮಾತ್ರ ಎಂದುಕೊಳ್ಳಬೇಡಿ. ಆಕಾಶವಾಣಿಯ ಬೆಳಗಿನ ಸಿಗ್ನೇಚರ್ ಟ್ಯೂನ್ ಕೇಳಿ ಎದ್ದ ತಲೆಮಾರುಗಳೇ ನಮ್ಮಲ್ಲಿವೆ. ಅದು ಹಿಟ್ಲರನ ಕಾಲದಲ್ಲಿ ಮುಂಬಯಿಗೆ ಬಂದು ನೆಲೆಸಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ಸಂಗೀತಗಾರನ ಕೃತಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎಷ್ಟು ಮಂದಿಗೆ ಗೊತ್ತು? ದಿನಾ ಕೇಳುವ ಸ್ವರದ ಒಡೆಯನನ್ನೇ ನಾವು ಮರೆಯುವುದು ಹೆಚ್ಚು.

ಇದೆಲ್ಲದರಲ್ಲೂ ಒಂದು ವಿಚಿತ್ರವಿದೆ. ಯಾರ ಕಿವಿಗೂ ಬೀಳದ ಹೊಸ ಧ್ವನಿ ತಂದವರಿಗೇ, ಇದು ಸಂಗೀತವಲ್ಲ, ಯಂತ್ರದ ಕೆಲಸ ಎಂಬ ಮಾತು ಕೇಳಿಬಂತು. ಯಂತ್ರದ ಕೆಲಸವಾದ ಮೇಲೆ ಮಾಡಿದವನು ಮೆಕ್ಯಾನಿಕ್ಕು, ಮೆಕ್ಯಾನಿಕ್ಕಿಗೆ ಹೆಸರೇಕೆ? ಕಂಪ್ಯೂಟರೇ ಟ್ಯೂನ್ ಕಟ್ಟಿಕೊಡುವ ಈ ದಿನಗಳಲ್ಲಿ ಆ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂದು ನಿಂತಿದೆ. ಅದಕ್ಕೆ ಉತ್ತರ ಕೊಡುವ ಮೊದಲು ಡೀಲಿಯಾಳ ಓಣಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅಲ್ಲಿ ನೆಲದ ಮೇಲೆ ಹಾಸಿದ್ದು ಟೇಪು. ತಪ್ಪಿದ ಸ್ವರ ಹುಡುಕುತ್ತಿದ್ದದ್ದು ಮನುಷ್ಯರು.

ಇವತ್ತು ರಾತ್ರಿ ಬಿಡುವಿದ್ದರೆ ಒಂದು ಕೆಲಸ ಮಾಡಿ. ಮೊಬೈಲಿನಲ್ಲೇ ಸಿಗುತ್ತದೆ. 1963ರ ಡಾಕ್ಟರ್ ಹೂ ಟ್ಯೂನನ್ನೂ, 1980ರಲ್ಲಿ ಪೀಟರ್ ಹೋವೆಲ್ ಸಿಂಥಸೈಜರಿನಲ್ಲಿ ಹೊಸದಾಗಿ ಮಾಡಿದ್ದನ್ನೂ ದೀಪ ಆರಿಸಿ ಒಂದಾದ ಮೇಲೊಂದು ಕೇಳಿ. ಎರಡನೆಯದು ನಯವಾಗಿದೆ, ಮಿರಮಿರ ಮಿಂಚುತ್ತದೆ. ಮೊದಲನೆಯದರಲ್ಲಿ ಅಂಟಿಸಿದ ಟೇಪಿನ ಅಂಚುಗಳಿವೆ, ಸಣ್ಣ ತೊದಲಿದೆ. ಯಾವುದು ಹೆಚ್ಚು ಹೆದರಿಸಿತು ಎಂದು ನೀವೇ ಹೇಳಿ. ಮನೆಯವರು ಇದೇನು ಗೂಬೆ ಕೂಗು ಎಂದು ಕೇಳಿದರೆ, ಡೀಲಿಯಾ ಡರ್ಬಿಶೈರ್ ಎಂದು ಹೇಳುವುದನ್ನು ಮರೆಯಬೇಡಿ.