ಕೈಕುಲುಕುವುದನ್ನು ಇನ್ನೆಷ್ಟು ಸಲ ಕಲಿಸುತ್ತೀರಿ?

ಅಂಗವಿಕಲರ ಉದ್ಯೋಗ ಮೇಳಕ್ಕೆ ಹೋಗಿಬಂದವರಿಗೆಲ್ಲ ಈ ಮಾತು ಬಾಯಿಪಾಠ: 'ಹುಡುಗರು ಒಳ್ಳೆಯವರೇ, ಆದರೆ ಕಮ್ಯುನಿಕೇಶನ್ ಇಲ್ಲ. ಇನ್ನಷ್ಟು ಟ್ರೈನಿಂಗ್ ಕೊಡಿ, ಮುಂದಿನ ಸಲ ನೋಡೋಣ.' ಹೇಳುವವರು ಕಂಪನಿಗಳ ಎಚ್‌ಆರ್ ವಿಭಾಗದವರು. ಹೌದೆಂದು ತಲೆಯಾಡಿಸುವವರು ಸರ್ಕಾರಿ ಅಧಿಕಾರಿಗಳು ಮತ್ತು, ಹೇಳಲು ಸಂಕಟವಾಗುತ್ತದೆ, ನಮ್ಮ ಸ್ವಯಂಸೇವಾ ಸಂಸ್ಥೆಗಳವರು. ಮಾರನೆಯ ತಿಂಗಳು ಇನ್ನೊಂದು ಬ್ಯಾಚ್ ಶುರುವಾಗುತ್ತದೆ. ಮತ್ತೆ ಅದೇ ಸ್ವಪರಿಚಯ, ಅದೇ ಕೈಕುಲುಕುವ ಪಾಠ, ಅದೇ ಅಣಕು ಸಂದರ್ಶನ. ಕೊನೆಗೆ ಒಂದು ಪ್ರಮಾಣಪತ್ರ, ಒಂದು ಗ್ರೂಪ್ ಫೋಟೊ. ಇದನ್ನು ಸಬಲೀಕರಣ ಎಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸಿ. ಅಂಗವಿಕಲ ಯುವಜನರಿಗೆ ಕೆಲಸ ಸಿಗದಿರುವುದಕ್ಕೆ ಅವರ ಮಾತು ಕಾರಣವಲ್ಲ. ಕೊಡಬೇಕಾದವರು ಕೊಡುತ್ತಿಲ್ಲ, ಅಷ್ಟೇ.

ಒಂದು ಅಂಕಿ ಹೇಳುತ್ತೇನೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು ನಡೆದದ್ದು 2018ರಲ್ಲಿ. 15 ವರ್ಷ ತುಂಬಿದ ಅಂಗವಿಕಲರಲ್ಲಿ ಕೆಲಸದಲ್ಲಿರುವವರನ್ನೂ ಕೆಲಸ ಹುಡುಕುತ್ತಿರುವವರನ್ನೂ ಕೂಡಿಸಿದರೆ ನೂರಕ್ಕೆ 23.8. ಉಳಿದ 76 ಮಂದಿ ಕೆಲಸದಲ್ಲೂ ಇಲ್ಲ, ಕೆಲಸ ಕೇಳುವವರ ಸಾಲಿನಲ್ಲೂ ಇಲ್ಲ. ಅದೇ ಸಮೀಕ್ಷೆಯ ಪ್ರಕಾರ ಅವರ ನಿರುದ್ಯೋಗ ಪ್ರಮಾಣ ಬರೀ ಶೇ 4.2. ಹುಡುಕುವುದನ್ನೇ ಕೈಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲವಲ್ಲ! ಈ 76 ಮಂದಿಗೂ ಮಾತಾಡಲು ಬರುವುದಿಲ್ಲವೆ? 2015ರಲ್ಲೇ ಕೇಂದ್ರ ಸರ್ಕಾರ ಅಂಗವಿಕಲರ ಕೌಶಲಾಭಿವೃದ್ಧಿಗೆಂದು ರಾಷ್ಟ್ರೀಯ ಕ್ರಿಯಾ ಯೋಜನೆ ತಂದು, 2022ರೊಳಗೆ 25 ಲಕ್ಷ ಜನರಿಗೆ ತರಬೇತಿ ಕೊಡುವುದಾಗಿ ಸಾರಿತ್ತು. ಅಂದಿನಿಂದ ಇಂದಿನವರೆಗೆ ಎಣಿಕೆಯಾಗುತ್ತಿರುವುದು ಬೆಂಚಿನ ಮೇಲೆ ಕೂತವರ ತಲೆಗಳು. ಬಾಗಿಲು ಹಾಕಿಕೊಂಡ ಕಂಪನಿಗಳನ್ನು ಎಣಿಸಿದವರನ್ನು ನಾನು ಕಂಡಿಲ್ಲ.

ಆ ಬೆಂಚುಗಳ ಮುಂದೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಕಂಡಿದ್ದೇನೆ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಗೆ, ಸಂದರ್ಶಕರ ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸಬೇಕು ಎಂದು ಹೇಳಿಕೊಡುತ್ತಾರೆ. ಎದುರಿನವರ ಮುಖ ನೋಡಿದರೆ ಮಾತೇ ಕಟ್ಟಿಹೋಗುವ ಆಟಿಸಂ ಇರುವ ಹುಡುಗನಿಗೂ ಅದೇ ಪಾಠ. ಕಿವುಡ ಯುವಕರ ಬ್ಯಾಚಿಗೆ ಸಂಜ್ಞಾ ಭಾಷೆಯ ಗಂಧವಿಲ್ಲದ ತರಬೇತುದಾರರು ಬಂದು, ನನ್ನ ತುಟಿ ನೋಡಿ ಅರ್ಥಮಾಡಿಕೊಳ್ಳಿ ಎನ್ನುತ್ತಾರೆ. ತೊದಲುವವನಿಗೆ ತೊದಲದೆ ಮಾತಾಡುವ ಅಭ್ಯಾಸ ಮಾಡಿಸುತ್ತಾರೆ, ತಪ್ಪಿದರೆ ಎಲ್ಲರೆದುರು ಮತ್ತೊಮ್ಮೆ ಹೇಳಿಸುತ್ತಾರೆ. ಅಂಗವೈಕಲ್ಯವನ್ನು ಎಷ್ಟು ಚೆನ್ನಾಗಿ ಮುಚ್ಚಿಡಬಲ್ಲೆ ಎಂಬುದಕ್ಕೆ ಇಲ್ಲಿ ಅಂಕ. ಅಂಗವೈಕಲ್ಯ ಇರುವವರು ಈ ಪರೀಕ್ಷೆಯಲ್ಲಿ ಫೇಲಾಗದೆ ಇನ್ನೇನಾದಾರು?

ರಾಯಚೂರು ಕಡೆಯ ಒಬ್ಬ ಯುವಕ ನನಗೆ ಗೊತ್ತು. ಸೆರೆಬ್ರಲ್ ಪಾಲ್ಸಿ ಇದೆ, ಮಾತು ನಿಧಾನ, ಒಂದೊಂದು ಪದಕ್ಕೂ ದವಡೆಯ ಜೊತೆ ಹೋರಾಡಬೇಕು. ಬಿ.ಕಾಂ. ಮುಗಿಸಿದ್ದಾನೆ, ಟ್ಯಾಲಿಯಲ್ಲಿ ಕೈ ಪಳಗಿದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಸಂದರ್ಶನ ಬಂತು. ಅಂಗವಿಕಲರ ರಿಯಾಯಿತಿ ಬಸ್ ಪಾಸ್ ನಡೆಯುವುದು 100 ಕಿಲೋಮೀಟರಿನವರೆಗೆ, ರಾಯಚೂರಿನಿಂದ ಬೆಂಗಳೂರು 400 ದಾಟುತ್ತದೆ. ಅಪ್ಪ ಸಾಲ ಮಾಡಿ ಕರೆತಂದರು. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂದವರು ಅವನು ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆಗೆ ಹೋಗಿದ್ದರು. ಟೈಪ್ ಮಾಡಿ ಉತ್ತರ ಕೊಡಲೇ ಎಂದು ಕೇಳಿದ. ಅಂಥ ಪದ್ಧತಿ ಇಲ್ಲ ಎಂದರು. ಟ್ಯಾಲಿ ಪರೀಕ್ಷೆಯನ್ನು ಕೊಡಲೇ ಇಲ್ಲ. ಕಳಿಸಿದ ಸಂಸ್ಥೆಗೆ ಬಂದ ಉತ್ತರ: ಕಮ್ಯುನಿಕೇಶನ್ ಸುಧಾರಿಸಬೇಕು. ಅವನನ್ನು ಮತ್ತೆ ತರಬೇತಿಗೆ ಹಾಕಿದರು.

ಬಿಲ್ಲು ಏರಿಸುವ ಕೆಲಸಕ್ಕೆ ಭಾಷಣಕಾರ ಯಾಕೆ ಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾರತಮ್ಯ ಎಂದರೇನು ಎಂದು ವಿವರಿಸುವಲ್ಲೇ, ವ್ಯಕ್ತಿಗೆ ಅಗತ್ಯವಾದ ಮಾರ್ಪಾಡನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಬರೆದಿದೆ. ಟೈಪ್ ಮಾಡಿ ಉತ್ತರಿಸಲು ಬಿಡುವುದಕ್ಕಿಂತ ಸಣ್ಣ ಮಾರ್ಪಾಡು ಯಾವುದಿದೆ? ಅದಕ್ಕೆ ಒಂದು ರೂಪಾಯಿಯ ಖರ್ಚೂ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಮಾತು ಮತ್ತು ಭಾಷೆಯ ವೈಕಲ್ಯ ಇರುವ ವಿದ್ಯಾರ್ಥಿಯೊಬ್ಬನ ಪರವಾಗಿ ತೀರ್ಪು ಕೊಟ್ಟಿತು. ಶೇಕಡಾವಾರು ಲೆಕ್ಕವೊಂದನ್ನೇ ಹಿಡಿದು ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ, ಅವನು ಓದಬಲ್ಲನೇ ಎಂಬುದನ್ನು ನೋಡಬೇಕು ಎಂದಿತು. ಮಾತು ತಡವರಿಸುವವನು ವೈದ್ಯನಾಗಬಹುದು, ಇವರ ಕಚೇರಿಯಲ್ಲಿ ಬಿಲ್ಲು ಏರಿಸಲು ಮಾತ್ರ ಆಗುವುದಿಲ್ಲ!

ಈ ತರಬೇತಿಗಳ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬಹಳಷ್ಟು ಬರುವುದು ಕಂಪನಿಗಳ ಸಿಎಸ್‌ಆರ್ ನಿಧಿಯಿಂದ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಅಂಗವಿಕಲರ ಉದ್ಯೋಗ ಕೌಶಲ ತರಬೇತಿ ಸೇರಿದೆ. ಆದರೆ ಅದೇ ಸಿಎಸ್‌ಆರ್ ನಿಯಮಗಳು, ಕಂಪನಿ ತನ್ನ ನೌಕರರ ಅನುಕೂಲಕ್ಕೆ ಮಾಡಿದ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಇದರ ಪರಿಣಾಮ ನೋಡಿ. ಕಿವುಡ ಯುವತಿಯನ್ನು ಹೊರಗೆ ಕೂರಿಸಿ ಆರು ವಾರ ಸಂದರ್ಶನದ ಪಾಠ ಹೇಳಿದರೆ ಆ ಖರ್ಚು ಸಮಾಜಸೇವೆ. ಅವಳನ್ನೇ ಒಳಗೆ ಕೆಲಸಕ್ಕೆ ತೆಗೆದುಕೊಂಡು ಸಂಜ್ಞಾ ಭಾಷೆಯ ದುಭಾಷಿಯನ್ನು ಇಟ್ಟರೆ ಆ ಖರ್ಚು ಕಂಪನಿಯ ಕಿಸೆಯದು. ಹೊರಗೇ ಇಟ್ಟಷ್ಟು ಕಾಲ ಪುಣ್ಯವೂ ಬಂತು, ಫೋಟೊವೂ ಬಂತು. ಮೂರನೇ ಮಹಡಿಯಲ್ಲಿ ಸಿಎಸ್‌ಆರ್ ವಿಭಾಗ ತರಬೇತಿಗೆ ಚೆಕ್ ಬರೆಯುತ್ತದೆ, ನಾಲ್ಕನೇ ಮಹಡಿಯಲ್ಲಿ ಎಚ್‌ಆರ್ ವಿಭಾಗ ಅದೇ ತರಬೇತಿ ಮುಗಿಸಿದವರನ್ನು ವಾಪಸು ಕಳಿಸುತ್ತದೆ. ಸ್ವಯಂಸೇವಾ ಸಂಸ್ಥೆಗಳೂ ಬಾಯಿ ಬಿಡುವುದಿಲ್ಲ, ಮುಂದಿನ ಬ್ಯಾಚಿನ ಹಣ ಬರಬೇಕಾದದ್ದು ಅಲ್ಲಿಂದಲೇ.

ಇನ್ನು ಈ ಕಮ್ಯುನಿಕೇಶನ್ ಎಂಬುದು ಹೆಚ್ಚಿನ ಕಡೆ ಇಂಗ್ಲಿಷ್ ಬರುತ್ತದೆಯೇ ಎಂಬ ತಪಾಸಣೆ, ಬೇರೇನೂ ಅಲ್ಲ. ಕಲಬುರಗಿ, ಯಾದಗಿರಿ, ಕೊಪ್ಪಳದ ಹಳ್ಳಿಗಳಿಂದ ಬಂದ ಹುಡುಗರು ಕನ್ನಡದಲ್ಲಿ ಲೀಲಾಜಾಲವಾಗಿ ಮಾತಾಡುತ್ತಾರೆ, ಜಗಳ ಬಿಡಿಸುತ್ತಾರೆ, ವ್ಯಾಪಾರ ಕುದುರಿಸುತ್ತಾರೆ, ಪಿಂಚಣಿ ತಡೆಹಿಡಿದ ಗುಮಾಸ್ತನಿಗೆ ನಿಯಮ ಓದಿ ಹೇಳುತ್ತಾರೆ. ಬೆಂಗಳೂರಿನ ಗಾಜಿನ ಕಟ್ಟಡದೊಳಗೆ ಕಾಲಿಟ್ಟ ಕ್ಷಣ ಅವರು ಮಾತು ಬಾರದವರಾಗಿಬಿಡುತ್ತಾರೆ. ಇದು ಅಂಗವಿಕಲರಿಗೆ ಮಾತ್ರ ಆಗುತ್ತಿರುವ ಅವಮಾನವಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ಉದ್ಯಮಿಗಳು ಗದ್ದಲವೆಬ್ಬಿಸಿದರು, ಎರಡೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಈ ನೆಲದ ನೀರು, ಭೂಮಿ, ವಿದ್ಯುತ್ ಪಡೆದವರಿಗೆ ಈ ನೆಲದ ಮಾತು ಮಾತ್ರ ಕೌಶಲವಾಗಿ ಕಾಣುವುದಿಲ್ಲ. ಕೈಕಾಲು ನೆಟ್ಟಗಿರುವ ಕನ್ನಡದ ಹುಡುಗರ ಪರವಾಗಿಯೇ ಎರಡು ದಿನ ನಿಲ್ಲಲಾಗದ ಸರ್ಕಾರ, ಕನ್ನಡವಷ್ಟೇ ಬಲ್ಲ ಕಣ್ಣಿಲ್ಲದ ಹುಡುಗಿಯ ಪರವಾಗಿ ನಿಂತೀತೆ?

ಹಾಗೆಂದು ಸರ್ಕಾರಿ ಕಚೇರಿಗಳು ಮೇಲೆಂದಲ್ಲ. ಕಣ್ಣು ಕಾಣದವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಕಂಪ್ಯೂಟರಿನಲ್ಲಿ ಕನ್ನಡವನ್ನು ಕೇಳಿಸಿಕೊಂಡು ಕೆಲಸ ಮಾಡುತ್ತಾರೆ. ಆದರೆ ನಮ್ಮ ಇಲಾಖೆಗಳು ಸುತ್ತೋಲೆಯನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಮುದ್ರಿಸಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುತ್ತವೆ. ಕಂಪ್ಯೂಟರಿಗೆ ಅದೊಂದು ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇಲ್ಲ. ಅರ್ಜಿ ಹಾಕುವ ಪುಟದಲ್ಲಿ ಚಿತ್ರ ನೋಡಿ ಅಕ್ಷರ ತುಂಬಿರಿ ಎನ್ನುತ್ತಾರೆ, ಧ್ವನಿಯ ಆಯ್ಕೆ ಇರುವುದಿಲ್ಲ. ಇಲ್ಲಿ ಸಂವಹನ ಬಾರದವರು ಯಾರು? 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಕಟ್ಟಡ, ಸಾರಿಗೆ, ವೆಬ್‌ಸೈಟುಗಳು ಅಂಗವಿಕಲರಿಗೆ ನಿಲುಕುವಂತಿರಬೇಕು ಎಂಬುದನ್ನು ಬರೀ ಶಿಫಾರಸಿನ ಮಟ್ಟದಲ್ಲಿ ಇಡುವಂತಿಲ್ಲ, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ರೂಪಿಸಿ ಎಂದು ಕೇಂದ್ರಕ್ಕೆ ಆದೇಶಿಸಿತು. ಅಷ್ಟೂ ವರ್ಷ ನಾವು ಅಂಗವಿಕಲರಿಗೆ ತರಬೇತಿ ಕೊಡುತ್ತಲೇ ಇದ್ದೆವು.

ಹಾಗಾದರೆ ತರಬೇತಿಯೇ ಬೇಡವೇ ಎಂದು ಕೇಳುವವರಿದ್ದಾರೆ. ಲೆಕ್ಕಪತ್ರ ಕಲಿಸಿ, ಕೋಡಿಂಗ್ ಕಲಿಸಿ, ಸ್ಕ್ರೀನ್ ರೀಡರ್ ಬಳಕೆ ಕಲಿಸಿ, ಬಿಳಿಕೋಲು ಹಿಡಿದು ಒಬ್ಬರೇ ಬಸ್ಸು ಹತ್ತುವುದನ್ನು ಕಲಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮಾಡಿಕೊಂಡು ಬಂದ ಕೆಲಸಕ್ಕೆ ತಲೆಬಾಗುತ್ತೇನೆ. ಅದು ಬದುಕಿಗೆ ಬೇಕಾದ ವಿದ್ಯೆ. ನನ್ನ ಸಿಟ್ಟು ಇರುವುದು ಕೆಲಸ ಕೊಡದಿರುವುದಕ್ಕೆ ನೆಪವಾಗಿ ಬಳಕೆಯಾಗುವ ತರಬೇತಿಯ ಮೇಲೆ.

ಕೆಲಸ ಕೊಡಿಸುವ ದಾರಿ ಯಾವುದು ಎಂದು ಬೇರೆ ದೇಶಗಳಿಗೆ ಎಂದೋ ಗೊತ್ತಾಗಿದೆ. ಜರ್ಮನಿಯಲ್ಲಿ ಕನಿಷ್ಠ 20 ಹುದ್ದೆಗಳಿರುವ ಉದ್ಯೋಗದಾತರು ಶೇ 5ರಷ್ಟು ಹುದ್ದೆಗಳನ್ನು ತೀವ್ರ ಅಂಗವೈಕಲ್ಯ ಇರುವವರಿಗೆ ಕೊಡಬೇಕು, ಇಲ್ಲವೇ ಖಾಲಿ ಬಿಟ್ಟ ಹುದ್ದೆಗಳಿಗೆ ಹಣ ಕಟ್ಟಬೇಕು. ಜಪಾನಿನಲ್ಲಿ 2024ರ ಏಪ್ರಿಲಿನಲ್ಲಿ ಖಾಸಗಿ ಕಂಪನಿಗಳ ಪಾಲು ಶೇ 2.5 ಆಯಿತು. ನೂರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗೆ ಒಬ್ಬರು ಕಡಿಮೆಯಾದರೂ ತಿಂಗಳಿಗೆ 50,000 ಯೆನ್ ತೆರಬೇಕು. ನಮ್ಮಲ್ಲಿ? ಅಂಗವಿಕಲರ ಹಕ್ಕುಗಳ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಖಾಸಗಿಯವರು ಶೇ 5ರಷ್ಟು ಅಂಗವಿಕಲರನ್ನು ನೇಮಿಸಿಕೊಳ್ಳುವಂತೆ ಸರ್ಕಾರ ಪ್ರೋತ್ಸಾಹಧನ ಕೊಡಬೇಕು, ಅದೂ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ. ಕೊಡದಿದ್ದರೆ ದಂಡವಿಲ್ಲ, ನೇಮಿಸಿಕೊಳ್ಳದಿದ್ದರೂ ದಂಡವಿಲ್ಲ. ತಿಂಗಳಿಗೆ 25,000 ರೂಪಾಯಿವರೆಗಿನ ಸಂಬಳದ ಅಂಗವಿಕಲ ನೌಕರರಿಗೆ ಉದ್ಯೋಗದಾತರು ಕಟ್ಟಬೇಕಾದ ಪಿಎಫ್, ಇಎಸ್‌ಐ ವಂತಿಗೆಯನ್ನು ಸರ್ಕಾರವೇ ಕಟ್ಟುವ ಯೋಜನೆ 2008ರಲ್ಲೇ ಬಂತು. ನಾನು ಮಾತಾಡಿಸಿದ ಎಚ್‌ಆರ್ ಅಧಿಕಾರಿಗಳಲ್ಲಿ ಅದರ ಹೆಸರು ಕೇಳಿದ್ದವರೂ ಇರಲಿಲ್ಲ. ಹತ್ತಾರು ತರಬೇತಿ ಶಿಬಿರಗಳನ್ನು ಉದ್ಘಾಟಿಸಿದವರು ಅವರೇ.

ದಂಡ ಇರುವ ಒಂದು ಜಾಗವಿದೆ, ಅಲ್ಲಿಂದಲೇ ಶುರುವಾಗಲಿ. 21ನೇ ಸೆಕ್ಷನ್ ಪ್ರಕಾರ ಪ್ರತಿಯೊಂದು ಸಂಸ್ಥೆ, ಖಾಸಗಿಯದೂ ಸೇರಿ, ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಆಯುಕ್ತರ ಬಳಿ ನೋಂದಾಯಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಯಾವ ಹುದ್ದೆಗಳು ಅಂಗವಿಕಲರಿಗೆ, ಏನೇನು ಸೌಲಭ್ಯ, ಯಾರು ಸಂಪರ್ಕಾಧಿಕಾರಿ ಎಂದು ಅದರಲ್ಲಿ ಬರೆದಿರಬೇಕು. ಕಾಯ್ದೆ ಮುರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಎಂದು 89ನೇ ಸೆಕ್ಷನ್ ಹೇಳುತ್ತದೆ. ಕರ್ನಾಟಕದ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರು ಎರಡು ಪಟ್ಟಿಗಳನ್ನು ಹೊರಡಿಸಲಿ: ನೀತಿ ನೋಂದಾಯಿಸಿದ ಕಂಪನಿಗಳದ್ದು ಒಂದು, ನೋಂದಾಯಿಸದವರದ್ದು ಇನ್ನೊಂದು. ಎರಡನೆಯ ಪಟ್ಟಿಯಲ್ಲಿರುವ ಒಂದೊಂದು ಕಂಪನಿಗೂ ನೋಟಿಸು ಹೋಗಲಿ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯಲ್ಲಿ ತ್ರಿಚಕ್ರ ವಾಹನ ಹಂಚುವ ಸಚಿವರು ಅದೇ ವೇದಿಕೆಯಿಂದ ಆ ಪಟ್ಟಿಯನ್ನು ಗಟ್ಟಿಯಾಗಿ ಓದಲಿ, ಸಂಜ್ಞಾ ಭಾಷೆಯ ದುಭಾಷಿಯೊಬ್ಬರು ಪಕ್ಕದಲ್ಲಿ ನಿಂತು ಅದನ್ನು ಕಿವುಡರಿಗೂ ತಲುಪಿಸಲಿ.