ಕನ್ನಡವನ್ನು ಕೊಡದೆ ಕೇಳುವವರು

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯಲ್ಲಿ ತಾಂಡವಪುರವೆಂಬ ಗ್ರಾಮವಿರುವುದನ್ನು ವಾಚಕರು ಬಲ್ಲರು. ಹಿಂದೆ ಬೇಸಾಯವೇ ಮುಖ್ಯವಾಗಿದ್ದ ಆ ಸೀಮೆಯಲ್ಲಿ ಈಗ ಕಾರ್ಖಾನೆಗಳು ತಲೆಯೆತ್ತಿವೆ. ಬಿಹಾರ, ಒಡಿಶಾ, ಅಸ್ಸಾಂ ಮುಂತಾದ ದೂರದ ನಾಡುಗಳಿಂದ ದುಡಿಮೆಗಾಗಿ ಬಂದ ತರುಣರು ಬಾಡಿಗೆಯ ಕೋಣೆಗಳಲ್ಲಿ ನೆಲೆಸಿದ್ದಾರೆ. ಇವರನ್ನು ಕುರಿತು ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದೇ ದೂರು ಕೇಳಿಬರುತ್ತದೆ: “ವರ್ಷಗಟ್ಟಲೆ ಇಲ್ಲಿದ್ದರೂ ಕನ್ನಡ ಕಲಿಯರು, ದೊಡ್ಡವರು ಚಿಕ್ಕವರೆಂಬ ಮರ್ಯಾದೆಯನ್ನೂ ಅರಿಯರು.” ಈ ದೂರಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧದ ಹೊಣೆ ನಮ್ಮದೆಂಬುದೇ ಈ ಲೇಖನದ ವಾದ.

ಆ ತರುಣರ ಕಿವಿಗೆ ಬೀಳುವ ಕನ್ನಡವಾದರೂ ಯಾವುದು? ಅಂಗಡಿಯವನು ಅವರನ್ನು ಕಂಡೊಡನೆ ಹರಕು ಮುರುಕು ಹಿಂದಿಗೆ ತಿರುಗುತ್ತಾನೆ. ಮನೆಯ ಯಜಮಾನನು ಬಾಡಿಗೆಯನ್ನು ಬೆರಳೆಣಿಸಿ ತೋರಿಸುತ್ತಾನೆ. ಮೇಸ್ತ್ರಿಯೊಬ್ಬನು ಮಾತ್ರ ಕನ್ನಡವಾಡುತ್ತಾನೆ, ಅದೂ “ಬಾ, ಹೋಗು, ಎತ್ತು, ಇಳಿಸು” ಎಂಬಷ್ಟೆ. ಹೀಗೆ ಏಕವಚನದ ಅಪ್ಪಣೆಗಳನ್ನೇ ಕನ್ನಡವೆಂದು ಕಲಿತವನು ಒಂದು ದಿನ ಹಿರಿಯರನ್ನು “ಬಾ” ಎಂದು ಕರೆದರೆ ನಾವು ಕೆರಳುತ್ತೇವೆ. ಹಿಂದಿಯಲ್ಲಿ ‘ಆಪ್’ ಎಂಬುದುಂಟು. ಅಸ್ಸಾಮಿಯಲ್ಲಿ ‘ಆಪುನಿ’ ಎಂಬುದುಂಟು. ಆದರದ ಮಾತನ್ನು ಅರಿಯದ ಜನರಲ್ಲ ಅವರು. ‘ಬನ್ನಿ’ ಎಂಬುದನ್ನು ನಾವು ಅವರಿಗೆ ಆಡಲೇ ಇಲ್ಲ; ಆಡದ ಮಾತನ್ನು ಅವರು ನಮಗೆ ಹಿಂದಿರುಗಿಸುವುದೆಂತು?

“ಹಿಂದಿಯೊಂದಿದ್ದರೆ ಸಾಲದೆ?” ಎನ್ನುವವರುಂಟು. ಒಡಿಶಾದವನಿಗೂ ಅಸ್ಸಾಮಿನವನಿಗೂ ಹಿಂದಿ ತಾಯಿನುಡಿಯಲ್ಲ, ನಮಗೂ ಅಲ್ಲ. ಇಬ್ಬರಿಗೂ ಎರವಲಾದ ನುಡಿಯಲ್ಲಿ ಸಂತೆಯ ಲೆಕ್ಕ ಮುಗಿದೀತು; ಕಷ್ಟಸುಖ ಹೇಳಿಕೊಳ್ಳಲಾಗದು. “ಹೆದರಿಸಿದರೆ ಕಲಿತಾರು” ಎನ್ನುವವರು ಇನ್ನು ಕೆಲವರು. ಹೆದರಿದವನು ಕಲಿಯುವುದು ಮೌನವನ್ನು ಮಾತ್ರ. ಭೂಮಿ ಕೊಟ್ಟ ರೈತರ ಮಕ್ಕಳಿಗೆ ಕೆಲಸ ದೊರೆಯಬೇಕೆಂಬ ಬೇಡಿಕೆ ನ್ಯಾಯವಾದುದು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯದ ಸಚಿವ ಸಂಪುಟವು ಒಪ್ಪಿಗೆಯಿತ್ತು, ಉದ್ಯಮಿಗಳ ಆಕ್ಷೇಪ ಕೇಳಿಬಂದೊಡನೆ ತಡೆಹಿಡಿದುದನ್ನು ನಾವು ಮರೆತಿಲ್ಲ. ಆದರೆ ಆ ವ್ಯಾಜ್ಯವು ಸರ್ಕಾರದೊಡನೆ, ಉದ್ಯಮಿಗಳೊಡನೆ. ಅದರ ಸೇಡನ್ನು ಕೂಲಿಯವನ ಮೇಲೆ ತೀರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇದು ಬರಿಯ ಸೌಜನ್ಯದ ಪ್ರಶ್ನೆಯೂ ಅಲ್ಲ. ಕಾರ್ಖಾನೆಯಲ್ಲಿ ಹಾಕಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಅಲ್ಲಿನ ಬಹುಸಂಖ್ಯಾತ ಕೆಲಸಗಾರರು ಬಲ್ಲ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮವು ವಿಧಿಸಿತ್ತು. ಆ ಬಹುಸಂಖ್ಯೆಗೆ ಸೇರದ ಹತ್ತು ಮಂದಿಯ ಗತಿಯೇನು? ಕುದಿಯುವ ದ್ರವಕ್ಕೂ ತಿರುಗುವ ಚಕ್ರಕ್ಕೂ ಬಹುಮತ ಅಲ್ಪಮತಗಳ ಭೇದ ತಿಳಿಯದು. ಮೇಲಿನವನು “ತಿಳಿಯಿತೇನೊ?” ಎಂದು ಗದರಿದರೆ, ತಿಳಿಯದವನೂ ಕೆಲಸ ಹೋದೀತೆಂಬ ಭಯದಿಂದ ತಲೆಯಾಡಿಸುತ್ತಾನೆ. ಅದನ್ನು ತಿಳಿವಳಿಕೆಯೆಂದು ಎಣಿಸುವುದು ಅಪಾಯ. ಹೇಳಿದ್ದನ್ನು ಅವನಿಂದಲೇ ಹೇಳಿಸಿ, ಮಾಡಿಸಿ ನೋಡಿದ ಮೇಲೆಯೇ ಮಾತು ಮುಟ್ಟಿತೆಂದು ನಂಬತಕ್ಕದ್ದು.

ಅನ್ಯರೊಡನೆ ಮಾತು ಬೆಳೆಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ತನ್ನ ಆನೆಯ ಕಣ್ಣುಬೇನೆ ವಾಸಿಯಾದುದಕ್ಕಾಗಿ ಟಿಪ್ಪು ಸುಲ್ತಾನನು ಶ್ರೀಕಂಠೇಶ್ವರನನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಪ್ರತೀತಿ ನಂಜನಗೂಡಿನಲ್ಲಿ ಇಂದಿಗೂ ಇದೆ. ಹಕೀಮನೆಂದರೆ ವೈದ್ಯ. ಬೇರೆ ಮತದವನು ತನ್ನವರ ಆದರದ ಶಬ್ದವೊಂದನ್ನು ನಮ್ಮ ದೇವರಿಗೆ ಕೊಟ್ಟನು; ಊರು ಅದನ್ನು ಮೈಲಿಗೆಯೆನ್ನದೆ ಉಳಿಸಿಕೊಂಡಿತು. ಅಂಥ ಊರಿನವರ ನಾಲಗೆಗೆ ಒಂದು ‘ಬನ್ನಿ’ ಭಾರವೆ?

ನವೆಂಬರ್ ತಿಂಗಳಲ್ಲಿ ಬಾವುಟವೇರಿಸುವ ನಮ್ಮ ಸಂಘಗಳು ವಾರದ ರಜೆಯ ದಿನ ಒಂದು ಗಂಟೆ ಇವರಿಗಾಗಿ ಪಾಠಶಾಲೆ ತೆರೆಯಲಿ. ವ್ಯಾಕರಣ ಬೇಡ, ಸಂಬಳ, ಬಾಡಿಗೆ, ಬಸ್ಸು, ಆಸ್ಪತ್ರೆ, ಇವುಗಳಿಗೆ ಬೇಕಾದ ಮಾತುಗಳು ಸಾಕು. ಮೊದಲ ಪಾಠ ಬಹುವಚನದ್ದಾಗಿರಲಿ. ಕಲಿಸುವವನೂ ಶಿಷ್ಯನ ನುಡಿಯ ಹತ್ತು ಮಾತುಗಳನ್ನು ಕಲಿಯಲಿ. ಅಲ್ಲಿಯವರೆಗೆ ವಿದ್ಯಾವಂತ ಗೃಹಸ್ಥರು ಮಾಡಬಹುದಾದುದು ಇಷ್ಟೆ: ಬಾಗಿಲಿಗೆ ಬಂದವರೊಡನೆ ನಿಧಾನವಾಗಿ, ಬಿಡಿಸಿ, ಕನ್ನಡದಲ್ಲಿಯೇ ಮಾತನಾಡುವುದು. ಇಷ್ಟನ್ನೂ ಮಾಡದವರಿಗೆ ‘ಅವರು ಕಲಿಯರು’ ಎಂದು ದೂರುವ ಅಧಿಕಾರವಿಲ್ಲ.