ದೊಡ್ಡವರ ಶಿಫಾರಸು ಪತ್ರ ಇದ್ದರೆ ಮೆಡಿಕಲ್ ಸೀಟು ಸಿಗುತ್ತದೆಯೇ?

ನೀಟ್ ಫಲಿತಾಂಶ ಬಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಹರಿದಾಡತೊಡಗುತ್ತದೆ: "ಅಂಕ ಕಡಿಮೆ ಬಂದರೂ ಚಿಂತೆ ಬೇಡ, ಸಚಿವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಇದ್ದರೆ ಸೀಟು ಖಚಿತ." ಅದರ ಬೆನ್ನಿಗೇ ಇನ್ನೊಂದು: "ಅಮೆರಿಕಕ್ಕೆ ಹೋಗುವುದಾದರೆ ಹೆಸರುವಾಸಿ ಡಾಕ್ಟರೊಬ್ಬರ ಲೆಟರ್ ಸಾಕು." ಇಂಥ ಮಾತು ನಂಬಿ ಹಣ ಕಳೆದುಕೊಳ್ಳುವ ಅಪಾಯವಿದೆ. ಹಾಗಾಗಿ ಎರಡನ್ನೂ ಪರಿಶೀಲಿಸೋಣ.

ನಮ್ಮಲ್ಲಿ ಪತ್ರಕ್ಕೆ ಜಾಗವೇ ಇಲ್ಲ

ಮೊದಲನೆಯ ಮಾತು ಸುಳ್ಳು. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 14ನೇ ಕಲಂ ಪ್ರಕಾರ ದೇಶದಲ್ಲಿ ಎಂಬಿಬಿಎಸ್ ಪ್ರವೇಶಕ್ಕೆ ಇರುವುದು ನೀಟ್ ಒಂದೇ ಪರೀಕ್ಷೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂತಹ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 29ರಂದು ತೀರ್ಪು ನೀಡಿತು. ಕರ್ನಾಟಕದಲ್ಲಿ ಕೌನ್ಸೆಲಿಂಗ್ ನಡೆಸುವುದು ಕೆಇಎ. ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ನೋಡಿಕೊಳ್ಳುವುದು ಎಂಸಿಸಿ. ರ‍್ಯಾಂಕ್, ಮೀಸಲಾತಿ ವರ್ಗ ಮತ್ತು ನೀವು ತುಂಬಿದ ಆಯ್ಕೆಗಳ ಆಧಾರದ ಮೇಲೆ ಸೀಟು ಹಂಚಿಕೆಯಾಗುತ್ತದೆ. ಅಲ್ಲಿ ಯಾರ ಪತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎನ್‌ಆರ್‌ಐ ಮತ್ತು ಮ್ಯಾನೇಜ್‌ಮೆಂಟ್ ಸೀಟುಗಳಲ್ಲಿ ಶುಲ್ಕ ಹೆಚ್ಚು, ನಿಜ. ಆದರೆ ಅವಕ್ಕೂ ನೀಟ್ ಅರ್ಹತೆ ಬೇಕೇ ಬೇಕು.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿಂದ?

ಎರಡು ಗೊಂದಲಗಳು ಕಾಣುತ್ತವೆ. ಒಂದು, ಕೇಂದ್ರ ಸರ್ಕಾರದ ನಾಮನಿರ್ದೇಶನದಿಂದ ತುಂಬುವ ಕೆಲವೇ ಸೀಟುಗಳಿವೆ. ಅವು ನಿರ್ದಿಷ್ಟ ವರ್ಗಗಳಿಗೆ ಮೀಸಲು, ನೀಟ್ ಅರ್ಹತೆ ಅಲ್ಲಿಯೂ ಬೇಕು. ಪರಿಚಯದ ಮೇಲೆ ಹಂಚುವ ಸೀಟುಗಳು ಅವಲ್ಲ. ಎರಡು, ಪ್ರಮಾಣಪತ್ರವನ್ನೂ ಶಿಫಾರಸು ಪತ್ರವನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ 371(ಜೆ) ಪ್ರಮಾಣಪತ್ರ ಇವೆಲ್ಲ ದಾಖಲೆಗಳು. ಇವು ಸಕಾಲಕ್ಕೆ ಕೈಯಲ್ಲಿರದಿದ್ದರೆ ಮೀಸಲಾತಿಯೇ ಕೈತಪ್ಪಬಹುದು. ಸಚಿವರ ಮನೆ ಬಾಗಿಲಲ್ಲಿ ಕಾಯುವ ಸಮಯವನ್ನು ನಾಡಕಚೇರಿಯಲ್ಲಿ ಕಳೆದರೆ ಲಾಭ.

ಪತ್ರ ನಿಜವಾಗಿ ಬೇಕಾಗುವುದೆಲ್ಲಿ?

ಅಮೆರಿಕದಲ್ಲಿ ಪದ್ಧತಿ ಬೇರೆ. ಅಲ್ಲಿನ ಬಹುಪಾಲು ಎಂಡಿ ಕಾಲೇಜುಗಳಿಗೆ ಆಮ್‌ಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಎಂಕ್ಯಾಟ್ ಅಂಕ, ಪದವಿಯ ಅಂಕಗಳ ಜೊತೆಗೆ ಶಿಫಾರಸು ಪತ್ರಗಳನ್ನೂ ಕೇಳುತ್ತಾರೆ. ಗರಿಷ್ಠ 10 ಪತ್ರಗಳಿಗೆ ಅವಕಾಶವಿದೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಈ ದಾರಿಯಲ್ಲೇ ಹೋಗಬೇಕು. ಅಲ್ಲಿನ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರಿಗೆ ಎಂಡಿ ಪ್ರವೇಶ ಕೊಡದ ಕಾಲೇಜುಗಳೇ ಹೆಚ್ಚು.

ಇಲ್ಲಿಂದ ಹೋಗುವವರಿಗೆ ಪತ್ರದ ಮಾತು ಬರುವುದು ಮುಂದಿನ ಹಂತದಲ್ಲಿ. ಎಂಬಿಬಿಎಸ್ ಮುಗಿಸಿ ಅಲ್ಲಿ ರೆಸಿಡೆನ್ಸಿ ತರಬೇತಿಗೆ ಅರ್ಜಿ ಹಾಕುವಾಗ ಈರಾಸ್ ವ್ಯವಸ್ಥೆಯಲ್ಲಿ ಪ್ರತಿ ಕಾರ್ಯಕ್ರಮಕ್ಕೆ 4 ಪತ್ರಗಳವರೆಗೆ ಕಳುಹಿಸಬಹುದು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸುಗಳಿಗೂ ಸಾಮಾನ್ಯವಾಗಿ ಪತ್ರಗಳು ಬೇಕು.

ಯಾರ ಪತ್ರಕ್ಕೆ ಬೆಲೆ?

ಎರಡನೆಯ ಮಾತು ತಪ್ಪುವುದು ಇಲ್ಲೇ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ ಪತ್ರ ಬರೆಯುವವರಿಗೆಂದೇ ಮಾರ್ಗಸೂಚಿ ಪ್ರಕಟಿಸಿದೆ. ಅಭ್ಯರ್ಥಿಯ ಪರ ವಕಾಲತ್ತು ವಹಿಸಬೇಡಿ, ಇದ್ದದ್ದನ್ನು ಇದ್ದ ಹಾಗೆ ಅಳೆದು ಹೇಳಿ ಎನ್ನುವುದು ಅದರ ಸಾರ. ಎಷ್ಟು ಕಾಲದಿಂದ ಪರಿಚಯ, ಯಾವ ಸಂಬಂಧದಲ್ಲಿ, ಕಣ್ಣಾರೆ ಕಂಡಿದ್ದೇನು ಎಂಬುದನ್ನು ಬರೆಯಬೇಕು. ಮದುವೆ ಮನೆಯಲ್ಲಿ ಒಮ್ಮೆ ಕಂಡ ಖ್ಯಾತ ಹೃದ್ರೋಗ ತಜ್ಞರು ಇದಕ್ಕೆ ಏನು ಉತ್ತರ ಕೊಟ್ಟಾರು? "ಒಳ್ಳೆಯ ಮನೆತನದ ಹುಡುಗಿ" ಎಂದಷ್ಟೇ. ಲ್ಯಾಬಿನಲ್ಲಿ ಅವಳ ಪ್ರಯೋಗ ಕೆಟ್ಟು, ತಪ್ಪನ್ನು ಒಪ್ಪಿಕೊಂಡು ಮತ್ತೆ ಮಾಡಿದ್ದನ್ನು ಕಂಡ ಮೇಷ್ಟ್ರ ಪತ್ರದಲ್ಲಿ ಹೇಳಲು ವಿಷಯವಿರುತ್ತದೆ.

"ನೀನೇ ಬರೆದು ತಾ, ಸಹಿ ಹಾಕ್ತೀನಿ"

ಈ ಮಾತು ನಮ್ಮ ಕಾಲೇಜುಗಳಲ್ಲಿ ಹೊಸದಲ್ಲ. ಇಲ್ಲಿ ಎಚ್ಚರ ಬೇಕು. ಆಮ್‌ಕಾಸ್, ಈರಾಸ್ ಎರಡರಲ್ಲೂ ಪತ್ರ ವಿದ್ಯಾರ್ಥಿಯ ಕೈಗೆ ಬಾರದೆ, ಬರೆದವರ ಕಡೆಯಿಂದ ನೇರವಾಗಿ ಹೋಗಬೇಕು. 1974ರ ಫೆರ್ಪಾ ಎಂಬ ಕಾನೂನು ಅಮೆರಿಕದ ವಿದ್ಯಾರ್ಥಿಗಳಿಗೆ ತಮ್ಮ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಆದರೆ ಶಿಫಾರಸು ಪತ್ರ ನೋಡುವ ಹಕ್ಕನ್ನು ಸಾಮಾನ್ಯವಾಗಿ ಅವರೇ ಬಿಟ್ಟುಕೊಡುತ್ತಾರೆ. ವಿದ್ಯಾರ್ಥಿ ನೋಡುವುದಿಲ್ಲ ಎಂದರೆ ಬರೆದವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ ಎಂಬ ನಂಬಿಕೆ ಅದರ ಹಿಂದಿದೆ. ನೀವೇ ಬರೆದ ಪತ್ರ ಆ ನಂಬಿಕೆಯನ್ನೇ ಮುರಿಯುತ್ತದೆ.

ಮೇಷ್ಟ್ರಿಗೆ ಬಿಡುವಿಲ್ಲದಿದ್ದರೆ ಪತ್ರದ ಬದಲು ಟಿಪ್ಪಣಿ ಕೊಡಿ: ಅವರ ಕೈಕೆಳಗೆ ಯಾವ ವರ್ಷ ಓದಿದಿರಿ, ಏನು ಕೆಲಸ ಮಾಡಿದಿರಿ, ಯಾವ ಕೋರ್ಸಿಗೆ ಅರ್ಜಿ, ಕೊನೆಯ ದಿನ ಯಾವುದು. ಎರಡು ತಿಂಗಳು ಮೊದಲೇ ಕೇಳಿ. "ಸರ್, ನನ್ನ ಬಗ್ಗೆ ಧೈರ್ಯವಾಗಿ ಒಳ್ಳೆಯ ಪತ್ರ ಬರೆಯಬಹುದು ಅನಿಸುತ್ತದೆಯೇ?" ಎಂದೇ ಕೇಳಿ. ಅವರು ಹಿಂಜರಿದರೆ ಬೇಸರ ಬೇಡ. ಮನಸ್ಸಿಲ್ಲದೆ ಬರೆದ ಪತ್ರಕ್ಕಿಂತ ಮುಖಕ್ಕೆ ಹೇಳಿದ "ಇಲ್ಲ" ವಾಸಿ.

ಕೊನೆಯ ಮಾತು

ಎರಡೂ ಸಂದೇಶಗಳ ಬೇರು ಒಂದೇ: ದೊಡ್ಡ ಹೆಸರಿನಿಂದ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ಪತ್ರವನ್ನೇ ನೋಡುವುದಿಲ್ಲ. ಪತ್ರ ನೋಡುವ ಕಡೆ ಹುಡುಕುವುದು ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲವರ ಮಾತನ್ನು. ಪತ್ರ ಕೊಡಿಸುತ್ತೇವೆಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ಆನ್‌ಲೈನ್‌ನಲ್ಲಿ ಹಣ ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳುಹಿಸುವ ಮುನ್ನ ಆ ಗುಂಪಿನಲ್ಲಿ ಪಿಯುಸಿ ಓದುವ ಮಗುವಿನ ಅಪ್ಪ ಅಮ್ಮ ಇದ್ದಾರೆಯೇ ಎಂದು ಒಮ್ಮೆ ಯೋಚಿಸಿ.